ವೃತ್ತದೊಳಗಿದ್ದ ಬೇರೆ ಡಯಾಟಮ್

ಮಧ್ಯಾಹ್ನ ಒಂದೂಕಾಲಕ್ಕೆ ಅಡೆಲಾ ಕ್ರಾಕೆಟ್ ಅಡುಗೆಮನೆಗೆ ಓಡಿಬಂದಾಗ ನಾನು ಮೀನಿನ ಸೂಪಿನ ಪಾತ್ರೆಯ ತಳ ಕೆರೆಯುತ್ತಿದ್ದೆ. ಹುಡುಗಿಯ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಮಿಸ್ ಲಂಟ್, ಅದು ಅಲ್ಲಿಲ್ಲ," ಎಂದಳು. "ವೃತ್ತದೊಳಗೆ ಬೇರೆ ಏನೋ ಕೂತಿದೆ. ನಾನು ಸುಳ್ಳು ಸೃಷ್ಟಿ ಮಾಡ್ದೆ ಅಂತಿದಾರೆ."

ಥಿರ್ಜಾ ಲಂಟ್ ತೊಳೆಯುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ಅಳಬೇಡ. ಅತ್ತರೆ ಮೈಕ್ರೋಸ್ಕೋಪಿನ ಗಾಜು ಮಂಜಾಗತ್ತೆ ಅಷ್ಟೇ. ಎನಸ್, ಆ ಪಾತ್ರೆ ನಾಳೆನೂ ಅಲ್ಲೇ ಇರತ್ತೆ, ಬಾ."

ಎನಸ್ ಬೀಲ್ ಎಂದರೆ ನಾನೇ. ಅಮೆರಿಕದ ಮೇನ್ ತೀರದ ಕ್ರ್ಯಾಬ್ ಕೋವ್ ಸಮುದ್ರ ಸಂಶೋಧನಾ ಕೇಂದ್ರಕ್ಕೆ ಮೂವತ್ತೊಂದು ವರ್ಷದಿಂದ ದೋಣಿಯಲ್ಲಿ ಕೆಸರು ತಂದುಕೊಡುವುದು ನನ್ನ ಕೆಲಸ. ಊರಿನವರು ನನ್ನನ್ನು ಕೆಸರು ಬೀಲ್ ಎನ್ನುತ್ತಾರೆ. ಅನ್ನಲಿ, ಅವರ ಬಾಯಿಗೆ ಬೀಗ ಹಾಕುವವರು ಯಾರು? ಥಿರ್ಜಾ ಕೇಂದ್ರದ ಸ್ಲೈಡುಗಳನ್ನು ಕಾಯುವವರು. ಸ್ಲೈಡು ಕೋಣೆಯ ಮೇಲಿನ ಅಟ್ಟದಲ್ಲೇ ಅವರ ವಾಸ. ಊರಿನಲ್ಲಿ ಯಾರ ಏಡಿಬಲೆ ಕಳೆದರೂ, ಯಾರ ಹಗ್ಗ ಕತ್ತರಿಸಿ ಹೋದರೂ ಜನ ಮೊದಲು ಅವರ ಮೆಟ್ಟಿಲು ಹತ್ತುತ್ತಾರೆ, ಆಮೇಲೆ ಪೊಲೀಸರ ನೆನಪು. ಅವರ ಹಿಂದೆ ಲಾಂದ್ರ ಹಿಡಿದು, ಗುದ್ದಲಿ ಹೊತ್ತು ತಿರುಗಿದ ಹೆಮ್ಮೆ ನನ್ನದು. ಆದರೆ ೧೯೫೮ರ ಅಕ್ಟೋಬರಿನ ಆ ಒಂದು ದಿನ ನನ್ನ ಜೀವ ಬಾಯಿಗೆ ಬಂದಷ್ಟು ಇನ್ನಾವಾಗಲೂ ಬಂದಿಲ್ಲ.

ಡಯಾಟಮ್ ಎಂದರೆ ಗಾಜಿನ ಚಿಪ್ಪಿನೊಳಗೆ ಬದುಕುವ ಪಾಚಿ. ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ನಾನು ತರುವ ಕೆಸರಿನಲ್ಲಿ, ಮರಳಿನಲ್ಲಿ ಅವು ಲಕ್ಷಗಟ್ಟಲೆ. ಕೆಸರನ್ನು ಆಸಿಡ್‌ನಲ್ಲಿ ಕುದಿಸಿದರೆ ಉಳಿದದ್ದೆಲ್ಲ ಹೋಗಿ ಚಿಪ್ಪು ಮಾತ್ರ ಉಳಿಯುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ರಾಳದಲ್ಲಿ ಕೂರಿಸಿ ಸ್ಲೈಡ್ ಮಾಡಿ, ಚಿಪ್ಪಿನ ಮೇಲಿನ ಗೆರೆ, ಸೀಳು, ಬೋಳು ಜಾಗ ನೋಡಿ ಇದು ಯಾವ ಕುಲ ಎಂದು ನಿರ್ಧರಿಸುತ್ತಾರೆ. ಅದಕ್ಕಾಗಿ ವಿದ್ಯಾವಂತರು ವರ್ಷಗಟ್ಟಲೆ ಮಾತು ಬಿಡುವುದನ್ನು ನಾನು ಕಂಡಿದ್ದೇನೆ.

ಅಡೆಲಾ ಸಾರ್ಡೀನ್ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಹೆಂಗಸಿನ ಮಗಳು. ಕೇಂದ್ರಕ್ಕೆ ಬಾಟಲಿ ತೊಳೆಯಲು ಬಂದವಳು ಐದು ವರ್ಷದಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿಪ್ಪು ಓದಲು ಕಲಿತಳು. ಹೆರನ್ ಪಾಯಿಂಟಿನ ಮರಳಿನಲ್ಲಿ ಅವಳಿಗೊಂದು ಡಯಾಟಮ್ ಸಿಕ್ಕಿತು. ಅದು ಯಾವ ಹಳೆಯ ಕುಲಕ್ಕೂ ಸೇರದು, ಹೊಸದೇ ಕುಲ ಎಂದು ಬರೆದಳು. ಹಾಗೆ ಬರೆದರೆ ಸಾಲದು. ಇದೇ ಆ ಚಿಪ್ಪು ಎಂದು ಜಗತ್ತಿಗೆ ಒಂದನ್ನು ತೋರಿಸಬೇಕು. ಒಡೆಯದ ಚಿಪ್ಪು ಅವಳಿಗೆ ಸಿಕ್ಕಿದ್ದು ಒಂದೇ ಒಂದು. ಆ ಮೂಲ ಸ್ಲೈಡಿನಲ್ಲಿ ಚಿಪ್ಪಿನ ಸುತ್ತ ವಜ್ರದ ಮೊನೆಯಿಂದ ಸಣ್ಣ ವೃತ್ತ ಗೀರಿದ್ದರು. ಅದನ್ನು ಪರೀಕ್ಷಿಸಲು ದಕ್ಷಿಣದ ದೊಡ್ಡ ವಸ್ತುಸಂಗ್ರಹಾಲಯದಿಂದ ಡಾಕ್ಟರ್ ಕಾರ್ನೀಲಿಯಸ್ ವಾಸ್ ಆ ಬೆಳಿಗ್ಗೆ ಟಪಾಲು ದೋಣಿಯಲ್ಲಿ ಬಂದಿದ್ದರು. ನಾಲ್ಕು ಗಂಟೆಯ ದೋಣಿಗೆ ವಾಪಸು. ಅವರು ಸಹಿ ಹಾಕಿದರೆ ಅಡೆಲಾಳಿಗೆ ಕಾಯಂ ಕೆಲಸ. ಹಾಕದಿದ್ದರೆ ಸೋಮವಾರ ತಾಯಿಯ ಪಕ್ಕದಲ್ಲಿ ನಿಂತು ಮೀನಿನ ತಲೆ ಕತ್ತರಿಸಬೇಕು. ಮೋಸಗಾತಿ ಎಂಬ ಹೆಸರು ಬಂದಮೇಲೆ ಅವಳ ಕೈಗೆ ಮತ್ತೆ ಸೂಕ್ಷ್ಮದರ್ಶಕ ಕೊಡುವವರಾರು?

ಬೆಳಿಗ್ಗೆ ಕಾಫಿಯ ಹೊತ್ತಿಗೇ ಜಗಳ ಶುರುವಾಗಿತ್ತು. ಬ್ರೆಡ್ಡು ಹಂಚುತ್ತ ನಾನೂ ಅಲ್ಲೇ ಇದ್ದೆ.

"ಗೆರೆ ಇದೆ, ನಡುವೆ ಸೀಳಿದೆ. ನಾವಿಕ್ಯುಲ ಕುಲ ಅಂತ ಬರೆದು ಮುಗಿಸ್ರಪ್ಪ," ಎಂದರು ನಮ್ಮ ನಿರ್ದೇಶಕರಾದ ಡಾಕ್ಟರ್ ಓರಿನ್ ಸ್ಟ್ಯಾಕ್‌ಪೋಲ್. ಅವರಿಗೆ ತಕರಾರು ಎಂದರೆ ತಲೆನೋವು.

"ನಿಮ್ಮ ನಾವಿಕ್ಯುಲ ನಮ್ಮ ಅಟ್ಟ ಇದ್ದ ಹಾಗೆ ಡಾಕ್ಟ್ರೇ," ಎಂದರು ಥಿರ್ಜಾ. "ಎಲ್ಲಿಡಬೇಕು ಅಂತ ಗೊತ್ತಾಗದ್ದನ್ನೆಲ್ಲ ಅಲ್ಲಿಗೆ ಎಸೆಯೋದು."

ವಾಸ್ ಬಡಕಲು ಮನುಷ್ಯ, ಸಮುದ್ರ ಪ್ರಯಾಣದಿಂದ ಹೊಟ್ಟೆ ಕಲಕಿ ಹಸಿರಾಗಿದ್ದರು. "ಚಿತ್ರ ನೋಡಿದ್ರೆ ಮ್ಯಾಸ್ಟೊಗ್ಲೋಯಿಯ ಅನ್ನಿಸತ್ತೆ. ಅದರ ಅಂಚಿನ ಪುಟ್ಟ ಗೂಡುಗಳು ಆಸಿಡ್‌ನಲ್ಲಿ ಕುದಿಸುವಾಗ ಕಳಚಿ ಹೋಗಿರಬಹುದು," ಎಂದರು.

"ಅದು ಡಿಪ್ಲೊನೀಸ್," ಎಂದು ಮೇಜು ತಟ್ಟಿದರು ಉಪನಿರ್ದೇಶಕ ಡಾಕ್ಟರ್ ಲೈಮನ್ ಟ್ಯಾಪ್ಲಿ. "ಸೊಟ್ಟಗೆ ಬೆಳೆದ ಡಿಪ್ಲೊನೀಸ್. ಹದಿನೇಳು ವರ್ಷದ ಹಿಂದೆ ಇದರ ಚೂರುಗಳನ್ನ ನೋಡೇ ನನ್ನ ಪುಸ್ತಕದಲ್ಲಿ ಬರ್ದಿದೀನಿ." ಈ ತೀರದ ಡಿಪ್ಲೊನೀಸ್ ಕುಲದ ಮೇಲಿನ ಆ ದಪ್ಪ ಪುಸ್ತಕವೇ ಅವರ ಜೀವಮಾನದ ದುಡಿಮೆ. ಅಡೆಲಾಳ ಮಾತು ನಿಜವೆಂದಾದರೆ ಅದರಲ್ಲಿನ ಐದು ಹೆಸರುಗಳಾದರೂ ಕಿತ್ತುಹೋಗುತ್ತಿದ್ದವು.

"ಡಿಪ್ಲೊನೀಸ್‌ಗೆ ಸೀಳಿನ ಎರಡೂ ಪಕ್ಕ ಚಿಪ್ಪಿನೊಳಗೆ ಟೊಳ್ಳು ಕಾಲುವೆ ಇರತ್ತೆ ಸರ್," ಎಂದಳು ಅಡೆಲಾ ಮೆತ್ತಗೆ. "ಇದರಲ್ಲಿ ಬರೀ ಬೋಳು ಪಟ್ಟಿ. ಫೋಕಸ್ ಮೇಲೆ ಕೆಳಗೆ ಮಾಡಿ ನೋಡಿದ್ರೆ ಗೊತ್ತಾಗತ್ತೆ."

"ನಿಂಗೆ ಫೋಕಸ್ ಮಾಡೋದು ಕಲಿಸಿದ್ದೇ ನಾನು ಹುಡುಗಿ. ಗೆರೆ ಎಣಿಸೋದೂ ಬಂದಿಲ್ಲ ನಿಂಗೆ. ಒಂಬತ್ತು ಅಂತ ಬರ್ದಿದೀಯ. ತುದೀಲಿ ಎಣಿಸು ಅಂತ ನೂರು ಸಲ ಹೇಳಿದೀನಿ."

"ಎಲ್ರೂ ನಡುವೆನೇ ಎಣಿಸ್ತಾರಲ್ಲ ಸರ್."

"ಅದಕ್ಕೇ ಎಲ್ರೂ ತಪ್ಪು ಮಾಡ್ತಾರೆ!"

ಎಲ್ಲರೂ ನಕ್ಕರು, ಟ್ಯಾಪ್ಲಿಯೂ ನಕ್ಕರು. ಬ್ರೆಡ್ಡಿಗೆ ಕೈ ಚಾಚಿದಾಗ ಅವರ ಹೆಬ್ಬೆರಳು ಮತ್ತೆರಡು ಬೆರಳಿನ ತುದಿ ಹಳದಿಯಾಗಿದ್ದುದು ಕಂಡಿತು. ಪೈಪು ಸೇದುವ ಮನುಷ್ಯ, ತಂಬಾಕಿನದ್ದೇ ಇರಬೇಕು ಎಂದುಕೊಂಡೆ. "ಕೆಸರು ತೊಳೆಯೋ ಕೆಲಸವೆಲ್ಲ ಈಗ ಇವಳದ್ದೇ. ಆಸಿಡ್ ಹೊಗೆಗೆ ನನ್ನ ಕಣ್ಣು ಉರಿಯತ್ತೆ, ಮುಟ್ಟಿ ಮೂರು ವರ್ಷ ಆಯ್ತು," ಎಂದು ಅವರು ವಾಸ್‌ಗೆ ಹೇಳುತ್ತಿದ್ದರು.

ಹನ್ನೊಂದಕ್ಕೆ ಅಡೆಲಾ ಮತ್ತು ಥಿರ್ಜಾ ಸ್ಲೈಡನ್ನು ಕೊನೆಯ ಸಲ ನೋಡಿ, ಚಿಪ್ಪು ಸರಿಯಾಗಿದೆ ಎಂದು ಖಚಿತ ಮಾಡಿಕೊಂಡು, ಪ್ರಯೋಗಾಲಯದ ಮೇಜಿನ ಮೇಲಿಟ್ಟು ಬಂದರು. ಹನ್ನೆರಡಕ್ಕೆ ಊಟ. ಅಡೆಲಾ ಊಟಕ್ಕೆ ಕೂರದೆ ಆ ಇಡೀ ಒಂದು ತಾಸು ಅಡುಗೆಮನೆಯಲ್ಲಿ ನಮ್ಮ ಜೊತೆ ಆಲೂಗಡ್ಡೆ ಸುಲಿದಳು. ಊಟದ ನಡುವೆ ಸ್ಟ್ಯಾಕ್‌ಪೋಲ್ ಟೆಲಿಫೋನಿಗೆಂದು ಎದ್ದು ಹೋದರು, ವಾಸ್ ಹೊಟ್ಟೆ ಹಿಡಿದುಕೊಂಡು ಮಹಡಿಗೆ ಹೋಗಿ ಮಲಗಿದರು, ಟ್ಯಾಪ್ಲಿ ಪೈಪು ತರಲು ಹೋದರು. ಮೂವರೂ ಹತ್ತಿಪ್ಪತ್ತು ನಿಮಿಷ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಗಂಟೆಗೆ ವಾಸ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ವೃತ್ತದೊಳಗೆ ಇದ್ದದ್ದು ಯಾವ ಕಪ್ಪೆಚಿಪ್ಪಿನ ದಂಡೆಯಲ್ಲೂ ಸಿಗುವ ಮಾಮೂಲಿ ಡಿಪ್ಲೊನೀಸ್.

ನಾವು ಹೋದಾಗ ಮೂವರು ಡಾಕ್ಟರುಗಳೂ ಸಾವಿನ ಮನೆಯಲ್ಲಿ ನಿಂತಂತೆ ನಿಂತಿದ್ದರು.

"ಲೇಬಲ್ ಅವಳದೇ ಕೈಬರಹ," ಎಂದರು ವಾಸ್. "ವೃತ್ತವೂ ಇದೆ. ಒಂದೋ ಇವಳಿಗೆ ಗುರುತಿಸೋಕೆ ಬರಲ್ಲ, ಇಲ್ಲ ಚಿತ್ರ ಕಲ್ಪಿಸಿ ಬರೆದಿದಾಳೆ. ನಾನು ಸಹಿ ಹಾಕೋಕಾಗಲ್ಲ."

ಥಿರ್ಜಾ ಕುಳಿತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಸ್ಲೈಡನ್ನು ಆಚೆ ಈಚೆ ಸರಿಸುತ್ತ ಎಷ್ಟು ಹೊತ್ತಾದರೂ ಏಳಲಿಲ್ಲ.

"ವೃತ್ತ ಬಿಟ್ಟು ಎಲ್ಲೆಲ್ಲೋ ಹೋಗ್ತಿದೀರಲ್ಲ?" ಎಂದು ವಾಸ್ ಮೂಗು ಮುರಿದರು.

"ಅಕ್ಕಪಕ್ಕದ ಮನೆಯವರನ್ನ ವಿಚಾರಿಸ್ತಿದೀನಿ," ಎಂದರು ಥಿರ್ಜಾ. ಆಮೇಲೆ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ರಾಳದ ಅಂಚನ್ನು ಉಗುರಿನಿಂದ ಒತ್ತಿದರು. ಲೇಬಲಿನ ಮೂಲೆ ಮುಟ್ಟಿದರೆ ಅದು ಬೆರಳಿಗೆ ಅಂಟಿ ಎದ್ದಿತು.

"ಎನಸ್, ಮಿಲ್ ಹೊಳೆ ಬಾಯಿಂದ ಈಚೆಗೆ ಕೆಸರು ತಂದಿದ್ಯಾ?"

"ಹೋದ ತಿಂಗಳು ತಂದೆ, ಶಾಲೆ ಮಕ್ಕಳಿಗೆ ತೋರಿಸೋಕೆ. ಜಾಡಿ ಮೂರು ದಿನ ಬಾಗಿಲ ಹತ್ರನೇ ಇತ್ತು. ಯಾರು ಬೇಕಾದ್ರೂ ಒಂದು ಚಮಚ ತಗೋಬಹುದಿತ್ತು."

"ಸರಿ. ಸ್ಲೈಡು ಕೋಣೆಗೆ ಬೀಗ ಹಾಕು. ಬೀಗದ ಕೈ ನಿನ್ನ ಜೇಬಲ್ಲಿರಲಿ. ನಿರ್ದೇಶಕರು ಕೇಳಿದರೂ ಕೊಡಬೇಡ."

"ನನಗೂ ಕೊಡಬಾರದಾ?" ಎಂದರು ಸ್ಟ್ಯಾಕ್‌ಪೋಲ್.

"ನಿಮಗಂತೂ ಕೊಡಬಾರದು ಡಾಕ್ಟ್ರೇ, ಕಳೆದುಬಿಡ್ತೀರ."

ಬೀಗ ಹಾಕಿ ಬಂದೆ. ಗಂಟೆ ಎರಡಾಗಿತ್ತು. ಅಡೆಲಾ ಅಂಗಳದ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದಳು. ನನಗೆ ಕೋಪ ಬಂತು. ಯಾರ ಕುತ್ತಿಗೆ ಹಿಡಿಯಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

"ಕದ್ದವನು ಇಷ್ಟೊತ್ತಿಗೆ ಅದನ್ನ ಸಮುದ್ರಕ್ಕೆ ಎಸೆದಿರ್ತಾನೆ ಬಿಡಿ," ಎಂದೆ ಥಿರ್ಜಾಗೆ.

"ಎಸೆದಿಲ್ಲ. ಇಂಥ ಸ್ಲೈಡು ಒಡೆಯೋ ಕೈ ಈ ಕಟ್ಟಡದಲ್ಲಿಲ್ಲ. ಆ ಮೂವರಲ್ಲಿ ಯಾರಿಗಾದರೂ ಮಗು ಮತ್ತೆ ಮೂಲ ಸ್ಲೈಡು ಎರಡೂ ನೀರಿಗೆ ಬಿದ್ದರೆ, ಯಾವುದನ್ನ ಮೊದಲು ಎತ್ತೋದು ಅಂತ ಸ್ವಲ್ಪ ಯೋಚಿಸ್ತಾರೆ."

"ಹಂಗಾದ್ರೆ ಸ್ಲೈಡು ಕೋಣೆಯೊಳಗೇ ಇದೆ ಅನ್ನಿ. ಆದರೆ ಅಲ್ಲಿ ಹನ್ನೊಂದು ಸಾವಿರ ಸ್ಲೈಡಿದೆ ಮಾರಾಯ್ರೆ! ನಾಲ್ಕಕ್ಕೆ ದೋಣಿ ಹೋಗತ್ತೆ."

ಥಿರ್ಜಾ ನನ್ನ ಮುಖ ನೋಡಿದರು. "ಎನಸ್, ಬೇಕಂತಲೇ ನಿನ್ನ ದೋಣಿಗೆ ತಪ್ಪು ಗಂಟು ಹಾಕು ಅಂದ್ರೆ ಹಾಕ್ತೀಯಾ?"

"ಕೈಯೇ ಬರಲ್ಲ ನಂಗೆ."

"ಹೌದಲ್ಲ," ಎಂದು ಅವರು ಒಳಗೆ ನಡೆದರು. ನನ್ನ ದಪ್ಪ ತಲೆಗೆ ಆಗಲೂ ಏನೂ ಹೊಳೆಯಲಿಲ್ಲ.

ಎರಡೂವರೆಗೆ ಎಲ್ಲರೂ ಸ್ಲೈಡು ಕೋಣೆಯಲ್ಲಿ ಸೇರಿದೆವು. ಗೋಡೆಯುದ್ದಕ್ಕೂ ಬೀರುಗಳು, ಪ್ರತಿ ಡ್ರಾಯರಿನ ಮೇಲೂ ಒಂದೊಂದು ಕುಲದ ಹೆಸರು. ಅಡೆಲಾಳನ್ನು ಥಿರ್ಜಾ ತಮ್ಮ ಸ್ವಂತ ಕುರ್ಚಿಯಲ್ಲಿ ಕೂರಿಸಿದರು.

"ಮೊದಲು, ಈಗ ನಿಮ್ಮ ಕೈಲಿರೋ ಸ್ಲೈಡು ಅಡೆಲಾ ಮಾಡಿದ್ದಲ್ಲ," ಎಂದು ಶುರುಮಾಡಿದರು. "ನೀವೆಲ್ಲ ವೃತ್ತದೊಳಗೆ ನೋಡಿದ್ರಿ. ನಾನು ಹೊರಗೆ ನೋಡಿದೆ. ಸುತ್ತ ಇರೋವೆಲ್ಲ ಸಿಹಿನೀರಿನ ಡಯಾಟಮ್ಮುಗಳು, ಹೊಳೆ ಜೊತೆ ತೇಲಿ ಬಂದವು. ಹೆರನ್ ಪಾಯಿಂಟಿನ ಮರಳಿಗೆ ಒಂದು ತೊಟ್ಟು ಸಿಹಿನೀರು ಸೇರಲ್ಲ. ಇದು ಮಿಲ್ ಹೊಳೆಯ ಕೆಸರು. ಲೇಬಲಿನಲ್ಲಿ ಎರಡು ವರ್ಷದ ಹಿಂದಿನ ತಾರೀಕಿದೆ, ರಾಳ ಮಾತ್ರ ಉಗುರಿಗೆ ಒತ್ತಿಕೊಳ್ಳುವಷ್ಟು ಹಸಿ. ಅಂದ್ರೆ ಈ ವಾರ ಮಾಡಿದ್ದು. ಲೇಬಲಿನ ಅಂಟು ಇನ್ನೂ ಒದ್ದೆ. ಅಂದ್ರೆ ಊಟದ ಹೊತ್ತಲ್ಲಿ ಅವಳ ಸ್ಲೈಡಿನಿಂದ ನೆನೆಸಿ ಕಿತ್ತು ಇದಕ್ಕೆ ಅಂಟಿಸಿದ್ದು. ಆ ಹೊತ್ತಲ್ಲಿ ಅವಳು ನನ್ನ ಕಣ್ಣೆದುರು ಆಲೂಗಡ್ಡೆಯನ್ನ ಗೋಲಿ ಗಾತ್ರಕ್ಕೆ ಸುಲೀತಿದ್ಲು."

ವಾಸ್ ಸ್ಲೈಡಿನ ಅಂಚನ್ನು ತಾವೇ ಒತ್ತಿ ನೋಡಿದರು. ಮೊಗದ ಹಸಿರು ಇಳಿದು ಕೆಂಪೇರಿತು. "ಹಾಗಾದರೆ ನಮ್ಮ ಮೂವರಲ್ಲಿ ಒಬ್ಬರು."

"ಹೌದು. ಯಾರು ಅಂತ ನಂಗೆ ಸ್ಲೈಡೇ ಹೇಳತ್ತೆ. ಅಡಗಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಹನ್ನೊಂದು ಸಾವಿರದ ನಡುವೆ ಒಂದು. ಆದರೆ ಡ್ರಾಯರು ತೆಗೆದು ನಿಂತಾಗ ಆ ಮನುಷ್ಯ ಒಂದು ತೀರ್ಮಾನ ಮಾಡಲೇಬೇಕು: ಎಲ್ಲಿಡೋದು? ಮೂವತ್ತು ವರ್ಷ ಒಂದೊಂದು ಚಿಪ್ಪನ್ನೂ ಅದರ ಕುಲದಲ್ಲೇ ಇಟ್ಟ ಕೈ. ಕಳ್ಳತನ ಮಾಡಬಹುದು, ಆದರೆ ತಪ್ಪು ಕುಲದಲ್ಲಿ ಇಡೋಕೆ ಆ ಕೈ ಬರಲ್ಲ. ಬೆಳಿಗ್ಗೆ ಕಾಫಿ ಕುಡೀತಾ ನೀವು ಮೂವರೂ ನಂಗೆ ನಿಮ್ಮ ನಿಮ್ಮ ಡ್ರಾಯರಿನ ಹೆಸರು ಹೇಳಿಬಿಟ್ರಿ. ಎನಸ್, ನಾವಿಕ್ಯುಲ ತೆಗಿ. ಮರಳಿನಲ್ಲಿ ಸಿಕ್ಕಿದವು ಇರೋ ಡ್ರಾಯರು."

ಎಲಾ ಇವರ! ನನ್ನ ಗಂಟಿನ ಮಾತು ಎಲ್ಲಿಗೆ ಬಂದು ನಿಂತಿತು ಎಂಬುದು ಆಗ ತಿಳಿಯಿತು. ಡ್ರಾಯರು ಎಳೆದೆ. ಸ್ಟ್ಯಾಕ್‌ಪೋಲ್ ಉಸಿರು ಬಿಗಿಹಿಡಿದಿದ್ದರು. ಒಂದೊಂದನ್ನೂ ನೋಡಿದೆ, ಎಲ್ಲಕ್ಕೂ ಲೇಬಲ್ ಇತ್ತು.

"ಇಲ್ಲ."

"ದೇವರು ದೊಡ್ಡವನು," ಎಂದರು ನಿರ್ದೇಶಕರು. ತಾವೇ ಕದ್ದಿರಬಹುದೇನೋ ಎಂದು ಅವರಿಗೇ ಅನುಮಾನವಿದ್ದಂತೆ ಕೇಳಿಸಿತು.

"ಮ್ಯಾಸ್ಟೊಗ್ಲೋಯಿಯ."

ಅಲ್ಲೂ ಇರಲಿಲ್ಲ. ವಾಸ್ ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

ಡಿಪ್ಲೊನೀಸ್ ಎಂದು ಥಿರ್ಜಾ ಹೇಳುವ ಮೊದಲೇ ನನ್ನ ಕೈ ಆ ಹಿಡಿಕೆಯ ಮೇಲಿತ್ತು. ಮೂರನೆಯ ಸಾಲಿನಲ್ಲಿ, ಒಂದು ತುದಿಯಲ್ಲಿ ಬರಿಗಾಜು ಹೊಳೆಯುತ್ತ, ಲೇಬಲ್ ಇಲ್ಲದ ಸ್ಲೈಡೊಂದು ಮಲಗಿತ್ತು. ಅದರ ನಡುವೆ ಕೂದಲೆಳೆಯಷ್ಟು ಸಣ್ಣ ವೃತ್ತ. ಹೋದ ಜೀವ ಬಂದಂತಾಯಿತು. "ಇಲ್ಲಿದೆ! ಇಲ್ಲಿದೆ ಕಣೇ ಹುಡುಗಿ!" ಎಂದು ಕಿರುಚಿಬಿಟ್ಟೆ. ಅಡೆಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ವಾಸ್ ನ್ಯಾಯದ ಮನುಷ್ಯ. "ತಡೀರಿ. ಟ್ಯಾಪ್ಲಿ ಅವರನ್ನ ಸಿಕ್ಕಿಸಬೇಕು ಅಂತ ಬೇರೆ ಯಾರಾದ್ರೂ ಇಟ್ಟಿರಬಹುದಲ್ಲ? ಅವರ ಅಭಿಪ್ರಾಯ ಎಲ್ಲರಿಗೂ ಗೊತ್ತು," ಎಂದರು.

"ಒಳ್ಳೆ ಪ್ರಶ್ನೆ," ಎಂದರು ಥಿರ್ಜಾ. "ಎನಸ್, ಅಕ್ಕಪಕ್ಕ ಯಾವ ಸ್ಲೈಡಿದೆ, ಓದು. ಈ ಡ್ರಾಯರಿನಲ್ಲಿ ಗೆರೆ ಎಣಿಕೆ ಪ್ರಕಾರ ಜೋಡಿಸಿದೆ. ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ ಎಷ್ಟು ಗೆರೆ ಅಂತ."

ಓದಿದೆ. ಎಡಕ್ಕೆ ಹತ್ತು, ಬಲಕ್ಕೆ ಹನ್ನೆರಡು.

"ಅಂದ್ರೆ ಇಟ್ಟವರ ಲೆಕ್ಕದಲ್ಲಿ ಇದು ಹನ್ನೊಂದು. ಅಡೆಲಾಳ ಬರಹದಲ್ಲಿ ಒಂಬತ್ತಿದೆ. ನೀವಾಗಲಿ ನಿರ್ದೇಶಕರಾಗಲಿ ಎಣಿಸಿದ್ರೂ ಒಂಬತ್ತೇ, ಯಾಕಂದ್ರೆ ನಡುವೆ ಎಣಿಸ್ತೀರ. ತುದೀಲಿ ಗೆರೆ ಒತ್ತೊತ್ತಾಗಿರತ್ತೆ, ಅಲ್ಲಿ ಎಣಿಸಿದ್ರೆ ಹನ್ನೊಂದು. ಅಲ್ಲಿ ಎಣಿಸೋರು ನಮ್ಮಲ್ಲಿ ಒಬ್ಬರೇ. ಮೂರು ವರ್ಷದಿಂದ ಆಸಿಡ್ ಮುಟ್ಟಿಲ್ಲ ಅನ್ನೋರ ಬೆರಳ ತುದಿ ಹಳದಿಯಾಗಿದೆ. ಪೈಪು ಸೇದಿದ್ರೆ ಬೆರಳು ಹಾಗಾಗಲ್ಲ, ಆಸಿಡ್ ತಾಗಿದ್ರೆ ಆಗತ್ತೆ."

ಟ್ಯಾಪ್ಲಿ ತಮ್ಮ ಬೆರಳುಗಳನ್ನು ನೋಡಿಕೊಂಡರು, ಅಡಗಿಸಲು ಹೋಗಲಿಲ್ಲ. "ನಾವಿಕ್ಯುಲದಲ್ಲಿ ತುರುಕಿಬಿಡೋಣ ಅಂತ ಡ್ರಾಯರು ತೆಗೆದಿದ್ದೆ," ಎಂದರು. "ಆಗಲಿಲ್ಲ ಥಿರ್ಜಾ. ಅಲ್ಲಿಟ್ಟರೆ ಅದು ಸುಳ್ಳಾಗತ್ತಲ್ಲ ಅನ್ನಿಸ್ತು."

"ಹುಡುಗೀನ ಸುಳ್ಳಿ ಮಾಡೋವಾಗ ಅನ್ನಿಸಲಿಲ್ವಾ?" ಎಂದೆ ನಾನು. ಮೈಯೆಲ್ಲ ಉರಿಯುತ್ತಿತ್ತು.

"ಬರೋ ವರ್ಷ ನಾನು ನಿವೃತ್ತನಾಗ್ತೀನಿ. ಅಲ್ಲೀವರೆಗೆ ತಡೀಲಿ ಅಂದ್ಕೊಂಡೆ. ಆಮೇಲೆ ಸ್ಲೈಡು ಸಿಕ್ಕಿತು ಅಂತ ಹೇಳ್ತಿದ್ದೆ. ಮೋಸ ಅನ್ನೋ ಮಾತು ಬರತ್ತೆ ಅಂತ..." ಅವರು ಬೆರಳಿನ ಕಲೆ ಉಜ್ಜಿಕೊಂಡರು. "ಬರತ್ತೆ ಅಂತ ಗೊತ್ತಿತ್ತು. ಆದ್ರೂ ಮಾಡ್ದೆ."

ವಾಸ್ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಫೋಕಸ್ಸನ್ನು ಮೇಲೆ ಕೆಳಗೆ ತಿರುಗಿಸುತ್ತ ಕಾಲು ಗಂಟೆ ನೋಡಿದರು. ನನಗದು ಒಂದು ಚಳಿಗಾಲದಷ್ಟು ಉದ್ದವಾಯಿತು.

"ಗೂಡು ಕಳಚಿದ ಗುರುತಿಲ್ಲ. ನನ್ನ ಮ್ಯಾಸ್ಟೊಗ್ಲೋಯಿಯ ಹೋಯ್ತು," ಎಂದರು ಕೊನೆಗೆ. "ನಾವಿಕ್ಯುಲಕ್ಕೆ ಇಂಥ ಪಟ್ಟಿಯಿಲ್ಲ. ಡಿಪ್ಲೊನೀಸಿನ ಕಾಲುವೆಯೂ ಇಲ್ಲ. ಮಿಸ್ ಕ್ರಾಕೆಟ್, ನಾನಾಡಿದ ಮಾತಿಗೆ ಕ್ಷಮೆ ಕೇಳ್ತೀನಿ. ಪೆನ್ನು ಕೊಡಿ."

ಸಹಿ ಬಿದ್ದಮೇಲೆ ಟ್ಯಾಪ್ಲಿ ಅಡೆಲಾಳ ಕಡೆ ತಿರುಗಿದರು. "ನಾನೊಂದು ಸಲ ನೋಡಬಹುದಾ?"

ಸ್ಟ್ಯಾಕ್‌ಪೋಲ್ ಬೇಡವೆನ್ನಲು ಬಾಯಿ ತೆರೆದರು. ಅಡೆಲಾ ಅಷ್ಟರಲ್ಲಿ ಕುರ್ಚಿ ಬಿಟ್ಟು ಎದ್ದಿದ್ದಳು. ಮುದುಕ ಕುಳಿತು ನೋಡಿದರು. ಪುಸ್ತಕ ಬರೆದಾಗ ಅವರಿಗೆ ಸಿಕ್ಕಿದ್ದು ಚೂರುಗಳು ಮಾತ್ರ. ಇಡೀ ಚಿಪ್ಪನ್ನು ಮನಸ್ಸಿಟ್ಟು ನೋಡಿದ್ದು ಅಂದೇ ಮೊದಲು.

"ಕಾಲುವೆ ಇಲ್ಲ," ಎಂದರು. ಮತ್ತೆ ಫೋಕಸ್ ತಿರುಗಿಸಿದರು. "ಇಲ್ಲ ಕಣಮ್ಮಾ. ನೀನು ಹೇಳಿದ್ದೇ ಸರಿ." ಎದ್ದು ಕೋಟು ತೆಗೆದುಕೊಂಡು ರಾಜೀನಾಮೆ ಬರೆಯಲು ತಮ್ಮ ಕೋಣೆಗೆ ಹೋದರು. ಅವರ ಮೇಲಿನ ನನ್ನ ಕೋಪ ಪೂರ್ತಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಅವರ ಹಿಂದೆಯೇ ಹೋಗಿ ಬಾಗಿಲು ತೆರೆದುಕೊಟ್ಟೆ.

ವಾಸ್‌ರನ್ನು ನಾಲ್ಕು ಗಂಟೆಯ ದೋಣಿಗೆ ಹತ್ತಿಸಿ ಬಂದಾಗ ಅಡೆಲಾ ಕಚೇರಿಯ ಟೆಲಿಫೋನಿನ ಮುಂದೆ ನಿಂತಿದ್ದಳು. ಕಾರ್ಖಾನೆಯ ಮೇಲ್ವಿಚಾರಕನನ್ನು ಕಾಡಿಬೇಡಿ ತಾಯಿಯನ್ನು ಕೆಲಸದ ಸಾಲಿನಿಂದ ಕರೆಸಿದ್ದಳಂತೆ. ಯಂತ್ರಗಳ ಗದ್ದಲ ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಅಮ್ಮಾ, ಇದೆ!" ಎಂದು ಕೂಗಿದಳು.

ಆಚೆಯಿಂದ ಏನೋ ಕೂಗು.

"ಹುಷಾರಾಗಿದೀನಮ್ಮ, ನಂಗೇನೂ ಆಗಿಲ್ಲ. ಇದೆ ಅಂದೆ. ಅದು ಇದೆ! ನಾನು ಕಂಡಿದ್ದು ನಿಜವಾಗ್ಲೂ ಇದೆ, ಎಲ್ರೂ ನೋಡಿದ್ರು!"

ಆ ತಾಯಿ ಫೋನನ್ನು ಕಿವಿಯಿಂದ ಸರಿಸಿ ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಕೂಗಿ ಹೇಳಿದ್ದು ನಮಗೆ ಇಲ್ಲಿವರೆಗೂ ಕೇಳಿಸಿತು: "ನನ್ನ ಮಗಳು ಸೋಮವಾರ ಇಲ್ಲಿಗೆ ಬರಲ್ಲ!"